ಚಂದ್ರರೈಲಿನ ಬಿಲ್ಲೆ

ನವೆಂಬರ್ ಹದಿನಾಲ್ಕು, ಗುರುವಾರ. ಬೆಳಗ್ಗೆ 8.40ಕ್ಕೆ ಹೆರನ್ ಪಾಯಿಂಟ್ ಬಂದರು ಠಾಣೆಯ ಬಾಗಿಲಿಗೆ ವಯಸ್ಸಾದ ದಂಪತಿ ಬಂದರು. ಹೆಂಡತಿ ಒಳಗೆ ಕಾಲಿಟ್ಟರು. ಗಂಡ ಹೊಸ್ತಿಲಿನ ಲೋಹದ ಪಟ್ಟಿಯನ್ನು ನೋಡುತ್ತ ಹೊರಗೇ ನಿಂತುಬಿಟ್ಟರು.

"ಬಾ ಬಂಗಾರ, ಏನೂ ಇಲ್ಲ ಅಲ್ಲಿ. ಬರೀ ನೆಲ," ಎಂದರು ಹೆಂಡತಿ.

ಅವರು ತಲೆಯಾಡಿಸಿದರು, ಕಾಲು ಮಾತ್ರ ಎತ್ತಲಿಲ್ಲ.

ಒಳಕೋಣೆಯಿಂದ ಇದನ್ನು ನೋಡುತ್ತಿದ್ದ ಪತ್ತೇದಾರಿ ಅಧಿಕಾರಿ ಐವೆಲಿಸ್ ರೋಲೋನ್ ಎದ್ದು, ಮೂರು ಕುರ್ಚಿಗಳನ್ನು ಹೊರಗಿನ ಜಗಲಿಗೆ ತಂದು ಹಾಕಿದರು. ಕಾನ್‌ಸ್ಟೆಬಲ್ ಡ್ವೈಟ್ ಬ್ಯಾಸ್ಕಮ್ ಅರ್ಧ ತಿಂದ ಸ್ಯಾಂಡ್‌ವಿಚ್ ಕಾಗದದಲ್ಲಿ ಮಡಿಸಿಟ್ಟು, ದೂರಿನ ಪುಸ್ತಕ ಹಿಡಿದು ಹಿಂದೆ ಬಂದ. ಹೀಗೆ ಆ ದೂರು ಬಿಸಿಲಲ್ಲೇ ದಾಖಲಾಯಿತು.

ದೂರುದಾರರು ವಿಲ್ಡಾ ಪ್ರುವಿಟ್, ಅರವತ್ತೊಂಬತ್ತು ವರ್ಷ, ನಿವೃತ್ತ ಶಾಲಾ ಬಸ್ ಚಾಲಕಿ. ಗಂಡ ಹಾರ್ಲನ್, ಎಪ್ಪತ್ತೆರಡು.

"ಏನು ಕಳುವಾಗಿದೆ, ಅಮ್ಮಾ?"

"ಒಂದು ಬಿಲ್ಲೆ."

"ಒಂದೇನಾ?"

"ಒಂದೇ. ಕೋಟಿನ ಮೇಲೆ ಇನ್ನೂರ ಹದಿಮೂರು ಹಾಗೇ ಇವೆ."

ಬ್ಯಾಸ್ಕಮ್ ನಗು ತಡೆಯಲು ಕೆಮ್ಮಿದ. ವಿಲ್ಡಾ ಅವನ ಕಡೆ ತಿರುಗಿದರು. ನಲವತ್ತು ಮಕ್ಕಳ ಬಸ್ಸನ್ನು ಕನ್ನಡಿಯಲ್ಲೇ ಸುಮ್ಮನಾಗಿಸಿದ ಕಣ್ಣು ಅದು. ಅವನು ಬರೆಯತೊಡಗಿದ.

ವಿಲ್ಡಾ ತೋಳಿಲ್ಲದ ಜೀನ್ಸ್ ಕೋಟನ್ನು ಮಡಿಲ ಮೇಲೆ ಹರಡಿದರು. ಥೀಮ್ ಪಾರ್ಕುಗಳಲ್ಲಿ, ಹಡಗುಗಳಲ್ಲಿ ಮೂವತ್ತು ವರ್ಷ ಒಬ್ಬರಿಗೊಬ್ಬರು ವಿನಿಮಯ ಮಾಡಿ ಕೂಡಿಸಿದ, ಬಟ್ಟೆಗೆ ಚುಚ್ಚುವ ಬಣ್ಣದ ಬಿಲ್ಲೆಗಳು ಅದರ ಮೇಲೆ ಒತ್ತೊತ್ತಾಗಿದ್ದವು. ಎದೆಯ ಎಡಭಾಗದಲ್ಲಿ ಕಪ್ಪು ಕನ್ನಡಕ ಹಾಕಿದ ಕಿತ್ತಳೆ ಹಣ್ಣಿನ ಒಂದು ಬಿಲ್ಲೆ.

"ಇದು ನನ್ನದಲ್ಲ," ಎಂದರು ವಿಲ್ಡಾ. "ಈ ಜಾಗದಲ್ಲಿ ಚಂದ್ರರೈಲಿನ ಬಿಲ್ಲೆ ಇತ್ತು. ಸ್ಟಾರ್‌ವೇಲ್ ಪಾರ್ಕಿನ ಚಂದ್ರರೈಲು. ತೊಂಬತ್ತೆಂಟರಲ್ಲಿ ಕೆಡವಿಬಿಟ್ಟರಲ್ಲ, ಅದು."

"ಕಳ್ಳ ಒಂದು ತಗೊಂಡು ಇನ್ನೊಂದು ಇಟ್ಟು ಹೋದನಾ?"

"ಹಾಗೇ ಕಾಣುತ್ತೆ."

"ಚಿಲ್ಲರೆ ಕೊಟ್ಟ ಹಾಗೆ," ಎಂದು ಬ್ಯಾಸ್ಕಮ್ ಗೊಣಗಿದ.

"ಬೆಲೆ ಎಷ್ಟು ಬರೀಲಿ?" ಎಂದು ರೋಲೋನ್ ಕೇಳಿದರು.

"ಯಾವತ್ತೂ ಮಾರಾಟಕ್ಕೆ ಬಂದಿಲ್ಲ. ನಾನೇನು ಹೇಳಲಿ?"

ಬೆಲೆಯ ಮುಂದೆ 'ತಿಳಿದಿಲ್ಲ' ಎಂದು ಬರೆಯಲಾಯಿತು. ಹಾಗಾಗಿ ಪ್ರಕರಣ ಕಿರುಕಳವಿನ ಕಲಮಿನಡಿ ಬಂತು.

ರೋಲೋನ್ ಪೆನ್ನು ಕೆಳಗಿಟ್ಟರು. "ಅಮ್ಮಾ, ಒಂದು ಮಾತು ಕೇಳ್ತೀನಿ, ಬೇಜಾರಾಗಬೇಡಿ. ಇನ್ನೂರ ಹದಿಮೂರು ಉಳಿದಿರುವಾಗ, ಇದೊಂದಕ್ಕೆ ಠಾಣೆಗೆ ಬರೋಷ್ಟು..."

ವಿಲ್ಡಾ ಗಂಡನ ಅಂಗಿಯ ಗುಂಡಿಯೊಂದನ್ನು ಸರಿಪಡಿಸಿದರು. "ಇವರಿಗೆ ಮರೆವಿನ ಕಾಯಿಲೆ, ಮೇಡಂ. ಎರಡು ವರ್ಷ ಆಯ್ತು. ಯಾವ ಬಾಗಿಲು ದಾಟೋಕೂ ಭಯ. ಆ ಬಿಲ್ಲೆ ಅಂಗೈಯಲ್ಲಿಟ್ಟರೆ 'ಓ, ರೈಲು ಬಂತಾ' ಅಂತ ದಾಟಿಬಿಡ್ತಾರೆ. ಅದಿಲ್ಲದೆ ಇವತ್ತು ಕೋಣೆಯಿಂದ ಹೊರಗೆ ತರೋಕೇ ಒಂದು ಗಂಟೆ ಹಿಡೀತು. ಶನಿವಾರ ನಾವು ಹಡಗು ಹತ್ತಬೇಕು. ಇಪ್ಪತ್ತೈದಕ್ಕೆ ಅವರನ್ನ ಆರೈಕೆ ಮನೆಗೆ ಸೇರಿಸ್ತಿದ್ದೀನಿ. ಆಮೇಲೆ ಪ್ರವಾಸ ಇಲ್ಲ, ಡಾಕ್ಟರು ಹೇಳಿಬಿಟ್ಟಿದ್ದಾರೆ."

"ಹಡಗಿನ ಬಾಗಿಲು ಎಷ್ಟು ಹೊತ್ತಿಗೆ ಮುಚ್ಚುತ್ತೆ?"

"ಮೂರಕ್ಕೆ."

ರೋಲೋನ್ ದಿನಚರಿಯ ಅಂಚಿನಲ್ಲಿ ಬರೆದುಕೊಂಡರು: ಶನಿವಾರ, 3.00.

* * *

10.15ಕ್ಕೆ ಬಂದರಿನ ಎದುರಿನ ಹೋಟೆಲಿನಲ್ಲಿ ಪಂಚನಾಮೆ. 'ಹಸಿರು ಗಿಳಿ ಬಳಗ'ದ ಮೂವತ್ತೆಂಟು ಮಂದಿ ಪ್ರತಿ ನವೆಂಬರಿನಲ್ಲಿ ಇಲ್ಲಿ ಸೇರುತ್ತಾರೆ. ಬುಧವಾರ ಸಂಜೆ ಬಿಲ್ಲೆ ವಿನಿಮಯ, ಗುರುವಾರ ಶುಕ್ರವಾರ ಪಾರ್ಕು, ಶನಿವಾರ ಹಡಗು. ಬಳಗದ ಮುಖ್ಯಸ್ಥೆ ಟ್ರೂಡಿ ಫೆನ್ಸ್ಕಿ ಪಾರ್ಕಿಗೆ ಹೋಗುವ ಬಸ್ಸನ್ನು ಬಿಟ್ಟು ಪೊಲೀಸರಿಗಾಗಿ ಕಾಯುತ್ತಿದ್ದರು. ದೊಡ್ಡ ತ್ಯಾಗವದು, ಮುಖದಲ್ಲೇ ಕಾಣುತ್ತಿತ್ತು. ಬರೀ ಮೂರು ರಾತ್ರಿಯ ಹೋಟೆಲ್ ಕೋಣೆಯ ಬಾಗಿಲಿಗೂ ಅವರು ಕಾಗದದ ಮೀನು, ಲಂಗರು, ತೋರಣ ಅಂಟಿಸಿದ್ದರು.

ಊಟದ ಹಾಲಿನ ಮೂಲೆಯಲ್ಲಿ ಕೋಟು ತೂಗುಹಾಕುವ ಕಬ್ಬಿಣದ ಸ್ಟ್ಯಾಂಡ್. ಬುಧವಾರ ಸಂಜೆ ಆರಕ್ಕೆ ಎಲ್ಲರೂ ಕೋಟು ಬಿಚ್ಚಿ ಅಲ್ಲಿ ನೇತುಹಾಕಿ, ನಿಂಬೆ ಕಡುಬು ತಿನ್ನಲು ಕೂತಿದ್ದರು.

"ಕಡುಬಿನ ಜತೆ ಬಿಲ್ಲೆ ಮುಟ್ಟೋ ಹಾಗಿಲ್ಲ. ಅಂಟಾಗುತ್ತೆ. ನನ್ನ ನಿಯಮ," ಎಂದರು ಟ್ರೂಡಿ.

"ಬಿಲ್ಲೆ ಕಿತ್ಕೊಳ್ಳೋದು ಸುಲಭಾನಾ?"

"ಎಲ್ಲಿ ಸುಲಭ! ಹಿಂದಿನ ಮುಳ್ಳಿಗೆ ತಿರುಪಿನ ಬೀಗ ಇರುತ್ತೆ. ಈ ಪುಟ್ಟ ಕೀಲಿ ಇಲ್ಲದೆ ಬರಲ್ಲ." ಅವರು ಕೊರಳಿನಿಂದ ಮೆಣಸಿನ ಕಾಳಿನಷ್ಟು ಬಾಯಿಯ ಕೀಲಿಯೊಂದನ್ನು ತೆಗೆದು ತೋರಿಸಿದರು.

"ಇಂಥ ಕೀಲಿ ಯಾರ ಹತ್ರ ಇದೆ?"

"ಮೂವತ್ತೆಂಟು ಜನರ ಹತ್ರಾನೂ."

ಕ್ಯಾಮೆರಾ ಇತ್ತು. 6.12ಕ್ಕೆ ಒಬ್ಬರು ಸ್ಟ್ಯಾಂಡಿನ ಹತ್ತಿರ ಬಂದು, ಬೆನ್ನು ತಿರುಗಿಸಿ ಎರಡು ನಿಮಿಷ ನಿಂತು ಹೋದದ್ದು ಕಾಣುತ್ತಿತ್ತು. ಗಿಳಿಹಸಿರು ಟೀ ಶರ್ಟು, ಅದೇ ಬಣ್ಣದ ಟೋಪಿ.

"ಸಿಕ್ಕಿದ!" ಎಂದ ಬ್ಯಾಸ್ಕಮ್.

ಟ್ರೂಡಿ ಮೆಲ್ಲಗೆ ಕೆಮ್ಮಿದರು. ಅವರ ಮೈಮೇಲೂ ಅದೇ ಟೀ ಶರ್ಟು, ಅದೇ ಟೋಪಿ. "ಎಲ್ಲರಿಗೂ ಅದೇ, ಮರಿ. ಪಾರ್ಕಲ್ಲಿ ಯಾರೂ ಕಳೆದುಹೋಗಬಾರದು ಅಂತ."

ರೋಲೋನ್ ಮೊದಲ ಬಾರಿ ನಕ್ಕರು. ಆಮೇಲೆ ಕಿತ್ತಳೆಯ ಬಿಲ್ಲೆಯಿದ್ದ ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲಿಟ್ಟರು.

"ಕಳ್ಳ ಇದನ್ನ ಯಾಕೆ ಇಟ್ಟ?"

"ನಮ್ಮವನಾಗಿದ್ರೆ ಇಡದೇ ಇರೋಕೆ ಆಗಲ್ಲ, ಮೇಡಂ. ಒಂದು ತಗೊಂಡ್ರೆ ಒಂದು ಕೊಡಬೇಕು. ಖಾಲಿ ಜಾಗ ಬಿಟ್ಟು ಹೋದ್ರೆ ನಿದ್ದೆ ಬರಲ್ಲ ನಮಗೆ."

"ಹಾಗಾದ್ರೆ ಇದೂ ಬೆಲೆಬಾಳೋದಾ?"

ಟ್ರೂಡಿ ಕನ್ನಡಕ ಏರಿಸಿ ನೋಡಿದರು. "ಇದಾ? ಇದು ಪಾರ್ಕಿನದ್ದೇ ಅಲ್ಲ. ಹಿಂದೆ ಹೆದ್ದಾರಿ ಬದಿ ಹಣ್ಣಿನಂಗಡಿಲಿ ಜ್ಯೂಸ್ ಕುಡಿದವರಿಗೆ ಪುಕ್ಕಟೆ ಕೊಡ್ತಿದ್ದದ್ದು. ಚಂದ್ರರೈಲಿಗೆ ಇದನ್ನ ಕೊಟ್ಟಿದ್ದಾನೆ ಅಂದ್ರೆ ವಿನಿಮಯ ಅಲ್ಲ, ಅವಮಾನ."

ರೋಲೋನ್ ಬಿಲ್ಲೆಯನ್ನು ಬೆಳಕಿಗೆ ಹಿಡಿದರು. ಹಳೆಯದು. ಆದರೆ ಗೀರಿಲ್ಲ, ಧೂಳಿಲ್ಲ. ಪುಕ್ಕಟೆ ಸಿಕ್ಕಿದ್ದನ್ನು ಯಾರೋ ಬಹಳ ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಅವಮಾನ ಮಾಡುವವರು ಅಷ್ಟು ಜೋಪಾನ ಮಾಡುವುದಿಲ್ಲ ಎಂದು ಅವರಿಗನ್ನಿಸಿತು.

ಸಂಜೆಯೊಳಗೆ ಪಾರ್ಕಿನಿಂದ ಮರಳಿದ ಹದಿನೇಳು ಮಂದಿಯ ಹೇಳಿಕೆ ಪಡೆದಾಯಿತು. ಕಿತ್ತಳೆಯನ್ನು ಯಾರೂ ಗುರುತಿಸಲಿಲ್ಲ.

* * *

ಶುಕ್ರವಾರ 9.30ಕ್ಕೆ ರೋಲೋನ್ ಹೋಟೆಲಿನ ವರಾಂಡದಲ್ಲಿ ವಿಲ್ಡಾರನ್ನು ಮತ್ತೆ ಕಂಡರು. ಊಟದ ಹಾಲಿನ ಬಾಗಿಲು ದಾಟಲಾಗದ ಹಾರ್ಲನ್ನಿಗೆ ತಿಂಡಿಯನ್ನು ಅಲ್ಲಿಗೇ ತಂದಿದ್ದರು. ಜೋಳದ ಗಂಜಿ ಆರಿಹೋಗಿತ್ತು. ವಿಲ್ಡಾ ಒಂದೊಂದೇ ಚಮಚ ತಿನ್ನಿಸುತ್ತಿದ್ದರು.

"ಆ ಬಿಲ್ಲೆ ನಿಮಗೆ ಯಾರಿಂದ ಬಂತು?"

"ಪಾರ್ಕಿನ ಕೆಲಸಗಾರರೊಬ್ಬರಿಂದ. ರೈಲಿನ ಕೊನೇ ದಿನ. ವಿನಿಮಯದಲ್ಲೇ ಬಂದದ್ದು."

"ನೀವೇನು ಕೊಟ್ರಿ?"

ಚಮಚ ಒಂದು ಕ್ಷಣ ನಿಂತಿತು. "ನೆನಪಿಲ್ಲ, ಮೇಡಂ. ಇಪ್ಪತ್ತಾರು ವರ್ಷ ಆಯ್ತು."

ಟ್ರೂಡಿಗೆ ಇದನ್ನು ಹೇಳಿದಾಗ ಅವರು ಕೈ ಬೀಸಿದರು. "ವಿಲ್ಡಾಗೆ ನೆನಪಿಲ್ಲದಿದ್ರೆ ಏನಂತೆ, ಬರೆದಿರ್ತಾಳಲ್ಲ! ನಾವು ಬರೆಯದ ಪ್ರವಾಸ ಒಂದೂ ಇಲ್ಲ. ಎಲ್ಲ ನಮ್ಮ ವೆಬ್‌ಸೈಟಲ್ಲಿದೆ. ಎಷ್ಟು ಹೊತ್ತು ಸಾಲಲ್ಲಿ ನಿಂತ್ವಿ, ಏನು ತಿಂದ್ವಿ, ಯಾರ ಚಪ್ಪಲಿ ಕಿತ್ತುಹೋಯ್ತು, ಎಲ್ಲ."

ಆ ಬರಹಗಳನ್ನು ಓದುವ ಕೆಲಸ ಬ್ಯಾಸ್ಕಮ್‌ನ ಪಾಲಿಗೆ ಬಂತು. ಮೊದಲ ಒಂದು ಗಂಟೆ ಅವನು ಗೊಣಗಿದ. ಎರಡನೆಯ ಗಂಟೆಗೆ ಸುಮ್ಮನಾದ. ಮೂರನೆಯ ಗಂಟೆಗೆ ಅವನೇ ರೋಲೋನ್ ಕೋಣೆಗೆ ಬಂದ.

"ಮೇಡಂ, ಎರಡು ಸಾವಿರದ ಮೂರರಲ್ಲಿ ಹಾರ್ಲನ್ ಒಂದೇ ದಿನ ಹಡಗಲ್ಲಿ ಹನ್ನೊಂದು ಐಸ್‌ಕ್ರೀಮ್ ತಿಂದಿದ್ದಾರೆ. ಹನ್ನೆರಡನೇದು ಕೊಡಲ್ಲ ಅಂದಿದ್ದಕ್ಕೆ ಟೋಪಿ ಬದಲಾಯಿಸ್ಕೊಂಡು ಹೋಗಿದ್ರಂತೆ."

"ಬ್ಯಾಸ್ಕಮ್, ತೊಂಬತ್ತೆಂಟು."

"ಅದೂ ಸಿಕ್ತು, ಮೇಡಂ."

ಹತ್ತೊಂಬತ್ತು ಪುಟಗಳ ಬರಹ. ತಾರೀಖು 8 ನವೆಂಬರ್ 1998. ರೋಲೋನ್ ಬೆರಳಿಟ್ಟು ಓದಿದರು.

'3.50: ಸಾಲಿನಲ್ಲಿ ನಾನೂ ಹಾರ್ಲನ್ನೂ ಕಟ್ಟಕಡೆಯವರು. ಉಳಿದ ಸೀಟು ಒಂದೇ. ಅವನನ್ನು ಕಳಿಸಿದೆ. 4.05: ಕೊನೆಯ ರೈಲು ಹೊರಟಿತು. ಬಾಗಿಲು ಕಾಯುವವನ ಕೊರಳಪಟ್ಟಿಯಲ್ಲಿ ಹೊಸ ಬಿಲ್ಲೆ! ಈ ದಿನ ರೈಲಿನ ಒಂಬತ್ತು ಕೆಲಸಗಾರರಿಗೆ ಮಾತ್ರ ಕೊಟ್ಟದ್ದಂತೆ. 4.10: ನನ್ನ ಹತ್ತಿರ ಉಳಿದಿದ್ದು ಕನ್ನಡಕದ ಕಿತ್ತಳೆ ಒಂದೇ. ಕೊಟ್ಟೆ. ಅವನೂ ನಗುತ್ತಲೇ ಕೊಟ್ಟ. ನನ್ನ ಜೀವನದ ಅತ್ಯುತ್ತಮ ವಿನಿಮಯ!'

ರೋಲೋನ್ ಎರಡು ಸಲ ಓದಿದರು. ಕಿತ್ತಳೆ ಕಳ್ಳನದ್ದಲ್ಲ. ವಿಲ್ಡಾರದ್ದೇ. ಇಪ್ಪತ್ತಾರು ವರ್ಷಗಳ ಮೇಲೆ ಅದು ಹಿಂದಕ್ಕೆ ಬಂದಿತ್ತು.

4.20ಕ್ಕೆ ಅವರು ಟ್ರೂಡಿಗೆ ಫೋನ್ ಮಾಡಿದರು.

"ಒಂಬತ್ತೇ ಇರೋ ಬಿಲ್ಲೆಯನ್ನ ಪುಕ್ಕಟೆ ಕಿತ್ತಳೆಗೆ ಅವನು ಯಾಕೆ ಕೊಟ್ಟ?"

"ಪಾರ್ಕಿನ ಕೆಲಸಗಾರರು ಬೇಡ ಅನ್ನೋ ಹಾಗಿಲ್ಲ, ಮೇಡಂ. ಕೊರಳಪಟ್ಟಿಯಲ್ಲಿ ಹಾಕ್ಕೊಂಡ ಮೇಲೆ, ಬಂದವರು ಯಾವ ಬಿಲ್ಲೆ ಕೊಟ್ರೂ, ಅವರು ಕೇಳಿದ್ದನ್ನ ಕೊಡಬೇಕು. ಮಕ್ಕಳು ಅಳಬಾರದು ಅಂತ ಮಾಡಿದ ನಿಯಮ. ನಾವು ದೊಡ್ಡವರೂ ಉಪಯೋಗಿಸ್ಕೋತೀವಿ, ಸುಳ್ಳು ಯಾಕೆ ಹೇಳಲಿ."

"ಆ ದಿನದ ಕೆಲಸಗಾರರ ಫೋಟೋ ಇದೆಯಾ?"

"ಮನೇಲಿ ಆಲ್ಬಮ್ ಇದೆ. ಮಗಳಿಗೆ ಹುಡುಕೋಕೆ ಹೇಳ್ತೀನಿ. ಹದಿನಾಲ್ಕು ಡಬ್ಬ ಇದೆ, ಬೈಕೊಳ್ತಾಳೆ."

* * *

ಶನಿವಾರ 11.35ಕ್ಕೆ ಫೋಟೋ ಬಂತು. ಕೆಂಪು ಸಮವಸ್ತ್ರದ ಒಂಬತ್ತು ಮಂದಿ, ಹಿಂದೆ ಬೆಳ್ಳಿಬಣ್ಣದ ರೈಲು. ಎಂಟು ಜನರ ಕೊರಳಪಟ್ಟಿಯಲ್ಲಿ ಚಂದ್ರ. ಒಂಬತ್ತನೆಯವನ ಕೊರಳಲ್ಲಿ ಕಿತ್ತಳೆ. ಅವನೂ ಎಲ್ಲರಂತೆ ನಗುತ್ತಿದ್ದ. ಪಾರ್ಕಿನ ವಾಡಿಕೆಯಂತೆ ಎದೆಯ ಪಟ್ಟಿಯಲ್ಲಿ ಹೆಸರೂ ಊರೂ ಇತ್ತು: ಎಮೆಟ್, ಪಲಾಟ್ಕಾ.

ಬ್ಯಾಸ್ಕಮ್ ಬಳಗದ ಪಟ್ಟಿಯ ಮೇಲೆ ಕಣ್ಣಾಡಿಸಿದ. ಮೂವತ್ತೆಂಟನೆಯ ಹೆಸರು, ಫೆಬ್ರವರಿಯಲ್ಲಿ ಸೇರಿದ್ದು: ಎಮೆಟ್ ಡಾಕರಿ, ಅರವತ್ತೇಳು ವರ್ಷ, ಪಲಾಟ್ಕಾ. ಹೋಟೆಲಿನಲ್ಲಿ ಇಳಿದುಕೊಂಡಿರಲಿಲ್ಲ. ಹೇಳಿಕೆಯನ್ನೂ ಕೊಟ್ಟಿರಲಿಲ್ಲ.

"ಓಡಿಹೋಗಿರ್ತಾನಾ?" ಎಂದು ರೋಲೋನ್ ಟ್ರೂಡಿಯನ್ನು ಕೇಳಿದರು.

"ಒಂಬತ್ತು ತಿಂಗಳಿಂದ ನಮ್ಮ ಜತೆ ದಿನ ಎಣಿಸಿದ್ದಾನೆ, ಮೇಡಂ. ಅವನ ಮೊದಲನೇ ಹಡಗು. ಕಳ್ಳನೇ ಆಗಿರಲಿ, ಬರದೇ ಇರ್ತಾನಾ?"

ಬಂದಿದ್ದರು. 1.50ಕ್ಕೆ ಬಂದರಿನ ಹಾಲಿನಲ್ಲಿ, ಹಸಿರು ಟೋಪಿಗಳ ಸಾಲಿನ ಕೊನೆಯಲ್ಲಿ, ಹೊಸ ಸೂಟ್‌ಕೇಸಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ತೆಳ್ಳಗಿನ ಮನುಷ್ಯ. ತೊಟ್ಟಿದ್ದು ಟೀ ಶರ್ಟಾದರೂ ಅದಕ್ಕೂ ಇಸ್ತ್ರಿ ಹಾಕಿದ್ದು ಗೊತ್ತಾಗುತ್ತಿತ್ತು.

"ಎಮೆಟ್ ಡಾಕರಿ ನೀವೇನಾ?"

"ಹೌದು, ಮೇಡಂ."

"ಬುಧವಾರ ಸಂಜೆ 6.12ಕ್ಕೆ ಎಲ್ಲಿದ್ರಿ?"

"ಕೋಟುಗಳ ಹತ್ತಿರ."

"ಬಿಲ್ಲೆ ಎಲ್ಲಿದೆ?"

ಅವರು ಟೀ ಶರ್ಟಿನ ಕತ್ತಿನ ಪಟ್ಟಿಯನ್ನು ಮಡಿಸಿ ತೋರಿಸಿದರು. ಒಳಮಗ್ಗುಲಲ್ಲಿ, ಮೈಗೆ ತಾಗುವಂತೆ, ಅದು ಚುಚ್ಚಿಕೊಂಡಿತ್ತು. ಬೆಳ್ಳಿ ರೈಲು, ಹಳದಿ ಚಂದ್ರ.

ಸಾಲಿನಿಂದ ಆಚೆ ಬೆಂಚಿನ ಮೇಲೆ ಕೂರಿಸಿ ಪ್ರಶ್ನೆ ಮುಂದುವರಿಯಿತು.

"ಅವರನ್ನ ಕೇಳಿದ್ರಾ?"

"ಕೇಳ್ದೆ, ಮೇಡಂ. ಬುಧವಾರ ಐದೂವರೆಗೆ. ನನ್ನ ಹತ್ರ ಇದ್ದ ನಲವತ್ತನ್ನೂ ಕೊಡ್ತೀನಿ ಅಂದೆ. 'ಒಂದು ಹಡಗಿನಷ್ಟು ಕೊಟ್ರೂ ಇಲ್ಲ' ಅಂದ್ರು. ನಕ್ಕರು. ಕೆಟ್ಟ ನಗು ಏನಲ್ಲ. ನನ್ನ ಗುರುತು ಸಿಗಲಿಲ್ಲ ಅವರಿಗೆ."

"ನಾನು ಯಾರು ಅಂತ ಹೇಳಬಹುದಿತ್ತಲ್ಲ?"

"ಹೇಳಿದ್ರೆ ಕೊಟ್ಟುಬಿಡಬೇಕಾಗ್ತಿತ್ತು ಅವರು, ಪಾಪ ಅಂತ. ಹಾಗೆ ಬೇಡವಾಗಿತ್ತು." ಅವರು ಟೋಪಿ ತೆಗೆದು ಮೊಣಕಾಲ ಮೇಲಿಟ್ಟರು. "ಹತ್ತೊಂಬತ್ತು ವರ್ಷ ಆ ರೈಲಿನ ಬಾಗಿಲು ಹಾಕಿದ್ದೀನಿ, ಮೇಡಂ. ಕೊನೇ ದಿನ ಮ್ಯಾನೇಜರು ಇದನ್ನ ಕೈಗಿಟ್ಟರು. ಕೊರಳಿಗೆ ಹಾಕ್ಕೊಂಡೆ. ಹತ್ತು ನಿಮಿಷ ಇತ್ತು. ನಗ್ತಾ ಕೊಡಬೇಕು, ಅದೂ ನಿಯಮಾನೇ. ಕೊಟ್ಟೆ. ಫೆಬ್ರವರಿಲಿ ಬಳಗದ ವೆಬ್‌ಸೈಟಲ್ಲಿ ಆ ಕೋಟಿನ ಫೋಟೋ ನೋಡ್ದೆ. ಅವತ್ತಿಂದ ಒಂದೇ ಯೋಚನೆ. ಅವರದನ್ನ ಅವರಿಗೆ ಕೊಟ್ಟು ನನ್ನದನ್ನ ತಗೊಳ್ಳೋದು ಕಳ್ಳತನ ಅಂತ ನನಗೆ ಅನ್ನಿಸಲೇ ಇಲ್ಲ. ಕೀಲಿ ತಿರುಗಿಸೋಕೆ ಎಲ್ಲರಿಗೂ ಬೆನ್ನು ಮಾಡಿ ನಿಂತೆನಲ್ಲ, ಆಗ ಅನ್ನಿಸ್ತು."

"ಅವರ ಗಂಡನಿಗೆ ಅದು ಯಾಕೆ ಬೇಕು ಅಂತ ಗೊತ್ತಿತ್ತಾ?"

"ಇಲ್ಲ." ರೋಲೋನ್ ಅವರಿಗೆ ಹಾರ್ಲನ್ನರ ಕಾಯಿಲೆಯ ವಿಷಯ ತಿಳಿಸಿದರು. ಎಮೆಟ್ ಮುಖ ಒರೆಸಿಕೊಂಡರು. "ಅಯ್ಯೋ ದೇವರೇ. ಮೊದಲು ಕೊಟ್ಟು ಬನ್ನಿ, ಮೇಡಂ. ಆಮೇಲೆ ನನ್ನನ್ನ ಏನು ಬೇಕಾದ್ರೂ ಮಾಡಿ."

ಹಕ್ಕುಗಳನ್ನು ಓದಿ ಹೇಳಲಾಯಿತು. 2.20ಕ್ಕೆ ಬಂಧನವೆಂದು ದಾಖಲಾಯಿತು. ಕೋಳ ಹಾಕಲಿಲ್ಲ. ಡಿಸೆಂಬರ್ ಒಂಬತ್ತಕ್ಕೆ ನ್ಯಾಯಾಲಯಕ್ಕೆ ಬರುವೆನೆಂಬ ಕಾಗದಕ್ಕೆ ಸಹಿ ಪಡೆದರು. ಹಡಗಿನವರು ಅವರ ಹೆಸರನ್ನು ಪ್ರಯಾಣಿಕರ ಪಟ್ಟಿಯಿಂದ ತೆಗೆದರು. ಬಿಲ್ಲೆಯ ಎರಡೂ ಮಗ್ಗುಲಿನ ಫೋಟೋ ತೆಗೆದು, ರಶೀದಿ ಬರೆದು, ರೋಲೋನ್ ಅದನ್ನು ವಿಲ್ಡಾರ ಕೈಗೆ ಕೊಟ್ಟರು.

ಆಗ ಗಂಟೆ 2.36. ಮಿಕ್ಕ ಹಸಿರು ಟೋಪಿಗಳೆಲ್ಲ ಹಡಗು ಸೇರಿದ್ದವು. ಟ್ರೂಡಿ ಮಾತ್ರ ಹಡಗಿಗೆ ಹೋಗುವ ಸೇತುವೆಯ ಆ ತುದಿಯಲ್ಲಿ ನಿಂತು, ಬಾಗಿಲು ಮುಚ್ಚುವವರೊಡನೆ ವಾದಿಸುತ್ತಿದ್ದರು.

ವಿಲ್ಡಾ ಬಿಲ್ಲೆಯನ್ನು ಗಂಡನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. ಹಾರ್ಲನ್ ಮುಖ ಅರಳಿತು. ಆಮೇಲೆ ಸುತ್ತ ನೋಡಿದರು.

"ರೈಲು ಎಲ್ಲಿ?"

"ಇದೇ ಬಂಗಾರ. ಬಾ, ಹತ್ತೋಣ."

"ಇದು ರೈಲಲ್ಲ." ಸೇತುವೆಯ ಸಂದಿನಲ್ಲಿ ಕೆಳಗೆ ನೀರು ಕಾಣುತ್ತಿತ್ತು. ಅವರು ಒಂದು ಹೆಜ್ಜೆ ಹಿಂದಿಟ್ಟರು. "ರೈಲು ಬರಲಿ. ಕಾಯ್ತೀನಿ."

ವಿಲ್ಡಾ ಕೈ ಹಿಡಿದರು, ಗಲ್ಲ ಸವರಿದರು, ಐಸ್‌ಕ್ರೀಮ್ ಇದೆ ಎಂದರು. ಮೂರು ದಿನ ಬಿಲ್ಲೆಯಿಲ್ಲದೆ ಹೆದರಿದ್ದ ಮನಸ್ಸು ಈಗ ಬಿಲ್ಲೆಗೂ ಒಲಿಯಲಿಲ್ಲ. 2.47. ವಿಲ್ಡಾ ಬ್ಯಾಗನ್ನು ನೆಲದ ಮೇಲಿಟ್ಟರು. "ಆಯ್ತು ಬಿಡು. ಮನೆಗೆ ಹೋಗೋಣ," ಎಂದರು. ಆ ಮಾತು ರೋಲೋನ್‌ಗೂ ಕೇಳಿಸಿತು, ಬೆಂಚಿನವರೆಗೂ ಕೇಳಿಸಿತು.

ಎಮೆಟ್ ಎದ್ದು ನಿಂತರು. ಬ್ಯಾಸ್ಕಮ್ ಅವರ ತೋಳಿಗೆ ಕೈ ಹಾಕಿ, ರೋಲೋನ್ ಮುಖ ನೋಡಿ ಬಿಟ್ಟುಬಿಟ್ಟ. ಅವರು ನಾಲ್ಕು ಹೆಜ್ಜೆ ಮುಂದೆ ಬಂದು, ಬೆನ್ನು ನೆಟ್ಟಗೆ ಮಾಡಿ, ಬೇರೆಯೇ ದನಿಯಲ್ಲಿ ಕೂಗಿದರು.

"ಚಂದ್ರನ ಪ್ರಯಾಣಿಕರೇ! ರೈಲು ಹೊರಡೋ ಹೊತ್ತಾಯ್ತು! ಟೋಪಿ ಕೈಯಲ್ಲಿರಲಿ, ಎಡಗಾಲು ಮೊದಲು ಒಳಗಿರಲಿ! ಕಿಟಕಿ ಪಕ್ಕ ಕೂತವರು ನಕ್ಷತ್ರ ಎಣಿಸಿ, ಈ ಕಡೆ ಕೂತವರು ಅವರ ಲೆಕ್ಕ ನಂಬಿ!"

ಹಾರ್ಲನ್ ಟೋಪಿ ತೆಗೆದರು. ಹೆಂಡತಿಯ ಕಡೆ ತಿರುಗಿ, "ಬೇಗ ಬಾ. ಈ ಸಲ ಎರಡು ಸೀಟಿದೆ," ಎಂದು ಎಡಗಾಲನ್ನು ಸೇತುವೆಯ ಮೇಲಿಟ್ಟರು.

ಎಮೆಟ್ ನಿಲ್ಲಿಸಲಿಲ್ಲ. ಹಾರ್ಲನ್ ಆ ತುದಿ ಮುಟ್ಟುವವರೆಗೂ ಹತ್ತೊಂಬತ್ತು ವರ್ಷದ ಪಾಠವನ್ನು ಒಂದಕ್ಷರ ತಪ್ಪದೆ ಹೇಳುತ್ತಲೇ ಹೋದರು. ವಿಲ್ಡಾ ಒಮ್ಮೆ ಹಿಂತಿರುಗಿ ನೋಡಿದರು. ಗುರುತು ಹತ್ತಿದ್ದು ಮುಖದಲ್ಲಿ ತಿಳಿಯಿತು. ಬಾಯಿ ತೆರೆದರು, ಆದರೆ ಗಂಡ ಕೈ ಎಳೆಯುತ್ತಿದ್ದರು. 2.54ಕ್ಕೆ ಬಾಗಿಲು ಮುಚ್ಚಿತು.

ನಾಲ್ಕಕ್ಕೆ ಹಡಗು ಹೊರಟಾಗ ಎಮೆಟ್ ಕಟ್ಟೆಯ ಮೇಲೆ ನಿಂತು ನೋಡಿದರು. ಬ್ಯಾಸ್ಕಮ್ ಎರಡು ಕಾಫಿ ತಂದು ಒಂದನ್ನು ಅವರಿಗೆ ಕೊಟ್ಟ.

"ಸರ್, ಹೊಸಬರಿಗೆ ಮೊದಲ ಸಲ ಎಷ್ಟು ದಿನದ ಹಡಗು ಒಳ್ಳೇದು?"

"ನನ್ನನ್ನ ಕೇಳ್ತೀಯಲ್ಲ ಮಗಾ," ಎಂದರು ಎಮೆಟ್. "ನಾನು ಹತ್ತಲೇ ಇಲ್ಲ."

ಪ್ರಕರಣದ ವರದಿಯನ್ನು ರೋಲೋನ್ ಅದೇ ಸಂಜೆ ಬರೆದು ಮುಗಿಸಿದರು, ಒಂದು ಕಾಲಂ ಹೊರತು. 'ಕೃತ್ಯಕ್ಕೆ ಪ್ರೇರಣೆ' ಎಂಬಲ್ಲಿ ಏನು ಬರೆದರೂ ಸರಿಹೋಗಲಿಲ್ಲ. ಸೋಮವಾರ ಬೆಳಗ್ಗೆ ಹಡಗಿನಿಂದ ವಿಲ್ಡಾರ ಇ-ಮೇಲ್ ಬಂತು. ದೂರುದಾರರ ಹೇಳಿಕೆಯ ಜೊತೆ ಸೇರಿಸಬೇಕೆಂದು ಕೋರಿದ್ದರು. ಹಾರ್ಲನ್ ಚೆನ್ನಾಗಿ ಉಣ್ಣುತ್ತಿದ್ದಾರೆ, ಮಲಗುವಾಗಲೂ ಬಿಲ್ಲೆಯನ್ನು ಬಿಡುವುದಿಲ್ಲ, ಅದಕ್ಕೇ ಈಗ ಅದನ್ನು ಹಿಂದಕ್ಕೆ ಕೊಡಲಾರೆ, ಡಾಕರಿಯವರು ಕ್ಷಮಿಸಬೇಕು ಎಂದಿತ್ತು. ಕೆಳಗೆ ಮತ್ತೂ ಮೂರು ಸಾಲು. ರೋಲೋನ್ ಅವನ್ನೇ ಖಾಲಿ ಕಾಲಂನಲ್ಲಿ ನಕಲು ಮಾಡಿ ಕಡತ ಮುಚ್ಚಿದರು.

'ಆ ದಿನ ಅವರು ಕೆಲಸದಲ್ಲಿದ್ದರು, ಇಲ್ಲ ಎನ್ನುವಂತಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕೇಳಿದೆ.'